ಹಳೇ ಪೋರ್ಷೆ 911 ಮೇಂಟೆನೆನ್ಸ್: ಖರ್ಚಿನ ಲೆಕ್ಕ ಹಾಕುವುದು, ಡೀಲರ್ ಹತ್ತಿರ ಕೆಲಸ ಮಾಡಿಸುವುದು

‘ಸೆಕೆಂಡ್ ಹ್ಯಾಂಡ್ ಪೋರ್ಷೆ 911 ಈಗ ಹೊಸ ಎಸ್‌ಯುವಿ ರೇಟಿಗೆ ಸಿಗ್ತಿದೆ. ತಗೊಂಡ್ರೆ ವರ್ಷಕ್ಕೆ ಮೇಂಟೆನೆನ್ಸ್ ಎಷ್ಟು ಬರುತ್ತೆ? ಸರ್ವಿಸ್ ಶೋರೂಮಲ್ಲೇ ಮಾಡಿಸ್ಬೇಕಾ?’ ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಒಂದೇ ಮೊತ್ತ ಹೇಳಿದರೆ ಅದು ಸುಳ್ಳಾಗುತ್ತದೆ, 2003ರ ಗಾಡಿಯ ಖರ್ಚೇ ಬೇರೆ, 2013ರದ್ದೇ ಬೇರೆ. ಲೆಕ್ಕ ಹಾಕುವ ಕ್ರಮ ಮಾತ್ರ ಎರಡಕ್ಕೂ ಒಂದೇ.

ಲೆಕ್ಕಕ್ಕೆ ಕೂರುವ ಮೊದಲು ಒಂದು ವಿಷಯ ತಲೆಯಲ್ಲಿರಲಿ. ವರ್ಷ ಕಳೆದಂತೆ ಗಾಡಿಯ ಬೆಲೆ ಇಳಿಯುತ್ತದೆ, ಅದರ ಬಿಡಿಭಾಗಗಳ ಬೆಲೆ ಇಳಿಯುವುದಿಲ್ಲ. ಕೋಟಿ ಬಾಳುತ್ತಿದ್ದ ಗಾಡಿಯನ್ನು ನೀವು ಅರ್ಧ ಬೆಲೆಗೆ ತಂದಿರಬಹುದು, ಆದರೆ ಬಿಲ್ಲು ಬರುವುದು ಕೋಟಿ ಗಾಡಿಯದ್ದೇ. ‘ಅಷ್ಟು ದುಡ್ಡು ಎಲ್ಲಿಂದ ತರ್ಲಿ’ ಎನ್ನುವವರಲ್ಲಿ ಹೆಚ್ಚಿನವರು ಎಡವಿರುವುದು ಇಲ್ಲೇ.

ಇಲ್ಲಿ ಹೇಳಿರುವುದು 996, 997, 991 ಪೀಳಿಗೆಯ 911ಗಳಿಗೆ (ಇವು ಒಂದೊಂದು ಪೀಳಿಗೆಗೂ ಕಂಪನಿ ಇಟ್ಟ ಸಂಖ್ಯೆ, 996 ಹಳೆಯದು, ಆಮೇಲೆ 997, ಆಮೇಲೆ 991), ಜೊತೆಗೆ ಅವುಗಳ ತಮ್ಮಂದಿರಾದ ಬಾಕ್ಸ್‌ಸ್ಟರ್, ಕೇಮನ್‌ಗಳಿಗೆ ಅನ್ವಯಿಸುತ್ತದೆ.

ಮೊದಲು ಕೈಯಲ್ಲಿ ಇರಬೇಕಾದದ್ದು

17 ಅಕ್ಷರಗಳ ಚಾಸಿ ನಂಬರ್. ಸರ್ವಿಸ್ ಪುಸ್ತಕ ಮತ್ತು ಹಳೆಯ ಬಿಲ್ಲುಗಳು (ಬರೀ ಸೀಲು ಸಾಲದು, ಬಿಲ್ಲೇ ಬೇಕು). ಎರಡು ಕೀ. ಟೂಲ್ ಕಿಟ್‌ನಲ್ಲಿ ವೀಲ್ ಲಾಕ್ ಸಾಕೆಟ್, ಅಂದರೆ ಪ್ರತಿ ಚಕ್ರದಲ್ಲೂ ಇರುವ ಕಳ್ಳರ ಕಾಟ ತಪ್ಪಿಸುವ ಆ ಒಂದು ಬೋಲ್ಟನ್ನು ಬಿಚ್ಚುವ ವಿಶೇಷ ಸಾಕೆಟ್. ಅದು ಕಳೆದಿದ್ದರೆ ಪಂಕ್ಚರ್ ಆದ ದಿನ ಚಕ್ರ ಬಿಚ್ಚಲಾಗುವುದಿಲ್ಲ, ಆದ್ದರಿಂದ ಗಾಡಿ ನೋಡಲು ಹೋದಾಗಲೇ ಕೇಳಿ ನೋಡಿ.

ಮೊದಲ ವರ್ಷಕ್ಕೆಂದು, ಕೊಂಡ ಬೆಲೆಯ ಶೇ 10ರಿಂದ 15ರಷ್ಟು ಹಣ ಬೇರೆಯೇ ತೆಗೆದಿಡಿ. ಹಿಂದಿನ ಮಾಲೀಕರು ‘ಮಾರೋದೇ ತಾನೆ’ ಎಂದು ಮುಂದೂಡಿದ ಕೆಲಸವೆಲ್ಲ ಮೊದಲ ವರ್ಷದಲ್ಲೇ ನಿಮ್ಮ ತಲೆ ಮೇಲೆ ಬೀಳುತ್ತದೆ. ಅಷ್ಟು ಹಣ ಪಕ್ಕಕ್ಕಿಡಲು ಆಗದಿದ್ದರೆ ಇನ್ನೂ ಕಡಿಮೆ ಬೆಲೆಯ ಗಾಡಿ ನೋಡುವುದು ಒಳ್ಳೆಯದು.

ಹಂತ 1: ಯಾವ ಎಂಜಿನ್ ಎಂದು ಖಚಿತ ಮಾಡಿಕೊಳ್ಳಿ

ಹೊರಗಿನ ನೋಟ ಹೆಚ್ಚು ಹೇಳುವುದಿಲ್ಲ, ಖರ್ಚನ್ನು ತೀರ್ಮಾನಿಸುವುದು ಎಂಜಿನ್.

996 ಮತ್ತು 2008ರವರೆಗಿನ 997 ಕರೆರಾಗಳಲ್ಲಿ (911ರ ಮಾಮೂಲಿ ಮಾಡೆಲ್‌ನ ಹೆಸರು ಕರೆರಾ) ಎರಡು ಹೆಸರಾಂತ ಕಾಯಿಲೆಗಳಿವೆ. ಮೊದಲನೆಯದು ಐಎಂಎಸ್ ಬೇರಿಂಗ್. ಕ್ರ್ಯಾಂಕಿನಿಂದ ಕ್ಯಾಮ್ ಚೈನ್‌ಗಳಿಗೆ ಶಕ್ತಿ ದಾಟಿಸಲು ಎಂಜಿನ್ ಒಳಗೆ ನಡುವೆ ಒಂದು ಶಾಫ್ಟ್ ಇದೆ, ಅದರ ಒಂದು ತುದಿ ಕೂತಿರುವ ಬಾಲ್ ಬೇರಿಂಗ್ ಇದು. ಒಡೆದರೆ ಟೈಮಿಂಗ್ ತಪ್ಪಿ ವಾಲ್ವ್‌ಗಳು ಪಿಸ್ಟನ್‌ಗೆ ಬಡಿಯುತ್ತವೆ, ಎಂಜಿನ್ ಅಲ್ಲಿಗೆ ಮುಗಿಯಿತು. ಸುಮಾರು 2000ದಿಂದ 2005ರವರೆಗಿನ ಗಾಡಿಗಳಲ್ಲಿರುವ ಒಂದೇ ಸಾಲಿನ ಚಿಕ್ಕ ಬೇರಿಂಗ್ ಅತಿ ದುರ್ಬಲ. ಗೇರ್‌ಬಾಕ್ಸ್ ಇಳಿಸಿದರೆ ಅದನ್ನು ಬದಲಿಸಬಹುದು. 2006ರಿಂದ 2008ರದ್ದರಲ್ಲಿ ದೊಡ್ಡ ಬೇರಿಂಗ್ ಇದೆ, ತೊಂದರೆ ಕಡಿಮೆ, ಆದರೆ ಎಂಜಿನ್ ಸೀಳದೆ ಅದನ್ನು ಹೊರಗೆ ತೆಗೆಯಲಾಗದು.

ಎರಡನೆಯದು ಬೋರ್ ಸ್ಕೋರಿಂಗ್. ಪಿಸ್ಟನ್ ಮೈಮೇಲಿನ ಲೇಪ ಸವೆದು, ಸಿಲಿಂಡರ್ ಗೋಡೆಯ ಮೇಲೆ ಉದ್ದುದ್ದ ಗೀರುಗಳು ಬೀಳುತ್ತವೆ. ಆಯಿಲ್ ಕುಡಿಯುವುದು, ಎಂಜಿನ್ನಿನ ಒಂದು ಬದಿಯಲ್ಲಿ ಟಿಕ್ ಟಿಕ್ ಸದ್ದು, ಒಂದು ಕಡೆಯ ಸೈಲೆನ್ಸರ್ ಬಾಯಲ್ಲಿ ಮಾತ್ರ ಹೆಚ್ಚು ಮಸಿ, ಇವು ಇದರ ಲಕ್ಷಣಗಳು. ಬೇರಿಂಗ್ ಭಯಕ್ಕೆ ಸಿಗುವ ಪ್ರಚಾರ ಇದಕ್ಕೆ ಸಿಗುತ್ತಿಲ್ಲ. 997ರ ಮೊದಲ ಸರಣಿ ಕೊಳ್ಳುವವರು ಇದಕ್ಕೇ ಹೆಚ್ಚು ಹೆದರಬೇಕು.

2009ರ ಮಾಡೆಲ್‌ನಿಂದ ಬಂದ ಎರಡನೇ ಸರಣಿಯ 997ರಲ್ಲಿ (997.2 ಎಂದು ಬರೆಯುತ್ತಾರೆ) ಎಂಜಿನ್ ಪೂರ್ತಿ ಹೊಸದು, ಆ ನಡು ಶಾಫ್ಟೇ ಇಲ್ಲ. ಅದೇ ಸಮಯಕ್ಕೆ ಹಳೇ ಟಿಪ್‌ಟ್ರಾನಿಕ್ ಆಟೊಮ್ಯಾಟಿಕ್ ಜಾಗಕ್ಕೆ ಪಿಡಿಕೆ ಬಂತು: ಎರಡು ಕ್ಲಚ್ ಇರುವ, ಝಡ್‌ಎಫ್ ಕಂಪನಿ ತಯಾರಿಸಿದ ಆಟೊಮ್ಯಾಟಿಕ್ ಗೇರ್‌ಬಾಕ್ಸ್. ಬಜೆಟ್ ಸ್ವಲ್ಪ ಎಳೆದರೆ 997.2 ಸಿಗುವಂತಿದ್ದರೆ ಎಳೆಯಿರಿ. ಕೊಡುವ ಹೆಚ್ಚಿನ ಹಣ ನೆಮ್ಮದಿಯಾಗಿ ವಾಪಸ್ ಬರುತ್ತದೆ.

911ರಲ್ಲೇ ಹಳೇ ಟರ್ಬೊ ಮತ್ತು ಜಿಟಿ3 ಮಾಡೆಲ್‌ಗಳ ಎಂಜಿನ್ ಬೇರೆ ವಂಶದ್ದು, ಐಎಂಎಸ್ ಕಾಟ ಅವಕ್ಕಿಲ್ಲ. ಅವುಗಳಲ್ಲಿ ಗಮ್‌ನಿಂದ ಅಂಟಿಸಿದ ಕೂಲೆಂಟ್ ಪೈಪುಗಳ ಕೂಡುಗಳು ಸಡಿಲವಾಗಿ, ಕೂಲೆಂಟ್ ಏಕಾಏಕಿ ಹಿಂದಿನ ಟೈರಿನ ಮುಂದೆ ಚೆಲ್ಲುತ್ತದೆ. ವೆಲ್ಡ್ ಮಾಡಿಸಿರುವ ಅಥವಾ ಪಿನ್ ಹಾಕಿಸಿರುವ ಬಿಲ್ಲು ಇದೆಯೇ ಕೇಳಿ.

ಹಂತ 2: ದುಡ್ಡು ಕೊಡುವ ಮೊದಲು ತಪಾಸಣೆ

ಇದಕ್ಕೆ ಅರ್ಧ ದಿನ ಮೀಸಲಿಡಿ. ಮಾರುವವರು ‘ಶೋರೂಮಿಗೆಲ್ಲ ಒಯ್ಯೋದು ಬೇಡ’ ಎಂದರೆ ಅಲ್ಲಿಂದಲೇ ಹೊರಟುಬಿಡಿ.

ಮೊದಲು ಪಿವಿಸ್ ರೀಡಿಂಗ್ ತೆಗೆಸಿ. ಪಿವಿಸ್ ಎಂದರೆ ಪೋರ್ಷೆಯದ್ದೇ ತಪಾಸಣೆ ಕಂಪ್ಯೂಟರ್, ಅಧಿಕೃತ ಸೆಂಟರ್‌ನಲ್ಲೂ ಕೆಲವು ಪರಿಣತ ಗ್ಯಾರೇಜುಗಳಲ್ಲೂ ಇರುತ್ತದೆ. ಎಲ್ಲ ಪುಟಗಳ ಪ್ರಿಂಟ್ ಕೇಳಿ. ಅದರಲ್ಲಿ ನೀವು ನೋಡಬೇಕಾದದ್ದು ಎರಡು.

ಒಂದು, ಓವರ್‌ರೆವ್ ಎಣಿಕೆ. ಎಂಜಿನ್ ತನ್ನ ಮಿತಿ ಮೀರಿ ಎಷ್ಟು ಸಲ ತಿರುಗಿದೆ ಎಂದು ಗಾಡಿಯ ಕಂಪ್ಯೂಟರ್ ನೆನಪಿಟ್ಟಿರುತ್ತದೆ. ಈ ಎಣಿಕೆಯನ್ನು ವಲಯಗಳಾಗಿ ವಿಂಗಡಿಸಿರುತ್ತಾರೆ, ಹಳೇ ಗಾಡಿಗಳಲ್ಲಿ ಎರಡು ವಲಯ, ಆಮೇಲಿನವುಗಳಲ್ಲಿ ಆರು. ಕೆಳಗಿನ ವಲಯಗಳಲ್ಲಿ ಎಣಿಕೆ ಇರುವುದು ಸಹಜ, ಸ್ಪೋರ್ಟ್ಸ್ ಕಾರನ್ನು ಯಾರೂ ಮೂರು ಸಾವಿರ ಆರ್‌ಪಿಎಮ್‌ನಲ್ಲೇ ಓಡಿಸುವುದಿಲ್ಲ. 4, 5, 6ನೇ ವಲಯಗಳಲ್ಲಿ ಎಣಿಕೆ ಇದ್ದರೆ ಮ್ಯಾನ್ಯುಯಲ್ ಗಾಡಿಯನ್ನು ಮೇಲಿನ ಗೇರಿನಿಂದ ತಪ್ಪಿ ತೀರಾ ಕೆಳಗಿನ ಗೇರಿಗೆ ಹಾಕಿದ್ದಾರೆ ಎಂದರ್ಥ. ಎಂಜಿನ್ ಎಷ್ಟು ಗಂಟೆ ಓಡಿದ್ದಾಗ ಅದು ಆಯಿತು ಎಂಬುದೂ ಪಕ್ಕದಲ್ಲೇ ಇರುತ್ತದೆ. ಆಮೇಲೆ ನೂರಾರು ಗಂಟೆ ಸಲೀಸಾಗಿ ಓಡಿದ್ದರೆ ಬದುಕಿತು ಎನ್ನಬಹುದು. ಮೊನ್ನೆ ಮೊನ್ನೆ ಆಗಿದ್ದರೆ ಬೇಡ.

ಎರಡು, ಎಂಜಿನ್ ಓಡಿದ ಒಟ್ಟು ಗಂಟೆ. ಮೀಟರಿನ ಕಿಲೋಮೀಟರನ್ನು ಈ ಗಂಟೆಯಿಂದ ಭಾಗಿಸಿ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಓಡಿದ ಗಾಡಿಗೆ 20ರ ಆಸುಪಾಸು ಬಂದರೆ ಸಹಜ, ಹೈವೇ ಗಾಡಿಗೆ ಇನ್ನೂ ಹೆಚ್ಚು ಬರಬೇಕು. 8 ಅಥವಾ 10 ಬಂದರೆ ಮೀಟರ್ ತಿರುಗಿಸಿದ್ದಾರೆಯೇ ಎಂದು ಅನುಮಾನಿಸಿ. ಮೀಟರನ್ನು ಹಿಂದಕ್ಕೆ ತಿರುಗಿಸುವವರಲ್ಲಿ ಎಷ್ಟೋ ಜನರಿಗೆ ಈ ಗಂಟೆಯ ನೆನಪೇ ಇರುವುದಿಲ್ಲ.

ಆಮೇಲೆ ಬೋರ್‌ಸ್ಕೋಪ್, ಅಂದರೆ ತುದಿಯಲ್ಲಿ ಕ್ಯಾಮೆರಾ ಇರುವ ಸಪೂರ ಕೊಳವೆಯಿಂದ ಸಿಲಿಂಡರ್ ಒಳಗೆ ನೋಡುವುದು. 2008ರವರೆಗಿನ ಎಂಜಿನ್‌ಗೆ ಇದು ಕಡ್ಡಾಯ. ಸ್ಪಾರ್ಕ್ ಪ್ಲಗ್ ತೂತಿನಿಂದ ನೋಡುವಾಗ ಪಿಸ್ಟನ್ ಪೂರ್ತಿ ಕೆಳಗಿರಬೇಕು, ಇಲ್ಲದಿದ್ದರೆ ಗೀರು ಬೀಳುವ ಜಾಗವೇ ಕಾಣುವುದಿಲ್ಲ. ಆರೂ ಸಿಲಿಂಡರ್ ನೋಡಿ. ಗೀರು ಹೆಚ್ಚಾಗಿ ಸಿಗುವುದು 4, 5, 6ರಲ್ಲಿ.

ಆಯಿಲ್ ಫಿಲ್ಟರ್ ಬಿಚ್ಚಿಸಿ. ಈ ಎಂಜಿನ್‌ಗಳಲ್ಲಿ ಡಬ್ಬಿಯೊಳಗೆ ಕಾಗದದ ಫಿಲ್ಟರ್ ಇರುತ್ತದೆ. ಅದರ ಮಡಿಕೆಗಳನ್ನು ಒಂದೊಂದಾಗಿ ಬಿಡಿಸಿ ಬಿಸಿಲಿಗೆ ಹಿಡಿಯಿರಿ. ಕಂದು ಬಣ್ಣದ ಪ್ಲಾಸ್ಟಿಕ್ ಚೂರುಗಳಿದ್ದರೆ ಚೈನಿನ ಪ್ಯಾಡ್ ಸವೆಯುತ್ತಿದೆ. ಮಿಂಚುವ ಲೋಹದ ಪುಡಿ ಕಂಡರೆ ಅಯಸ್ಕಾಂತ ಆಡಿಸಿ. ಅಂಟಿಕೊಂಡರೆ ಉಕ್ಕು, ಬೇರಿಂಗ್ ಮೇಲೆ ಅನುಮಾನ. ಅಂಟದಿದ್ದರೆ ಅಲ್ಯೂಮಿನಿಯಂ.

ಬ್ರೇಕ್ ಡಿಸ್ಕಿನ ಮೇಲೆ ಕನಿಷ್ಠ ದಪ್ಪವನ್ನು ಕೆತ್ತಿರುತ್ತಾರೆ. 997 ಎಸ್‌ನ ಮುಂದಿನ ಡಿಸ್ಕ್ ಹೊಸತರಲ್ಲಿ 34 ಮಿಲಿಮೀಟರ್, ಕನಿಷ್ಠ 32. ಆ ಎರಡು ಮಿಲಿಮೀಟರ್ ಎರಡು ಸೆಟ್ ಪ್ಯಾಡಿಗೆ ತೀರಿಹೋಗುತ್ತದೆ. ತೂತಿನಿಂದ ತೂತಿಗೆ ಬಿರುಕು ಹಬ್ಬಿದೆಯೇ ಎಂದೂ ನೋಡಿ. ಹಳದಿ ಕ್ಯಾಲಿಪರ್ ಇದ್ದರೆ ಅದು ಸಿರಾಮಿಕ್ ಬ್ರೇಕ್, ಸವೆತವನ್ನು ತೂಕ ಹಾಕಿ ಅಳೆಯುತ್ತಾರೆ, ಕನಿಷ್ಠ ತೂಕ ಡಿಸ್ಕಿನ ನಡುವಿನ ಟೋಪಿಯ ಮೇಲೆ ಬರೆದಿರುತ್ತದೆ. ನಾಲ್ಕೂ ಸಿರಾಮಿಕ್ ಡಿಸ್ಕ್ ಬದಲಿಸುವ ಎಸ್ಟಿಮೇಟ್ ನೋಡಿದರೆ ಗಾಡಿಯ ಮೇಲಿನ ಆಸೆಯೇ ಹೋಗಬಹುದು, ಆದ್ದರಿಂದ ಅದನ್ನು ಕೊಳ್ಳುವ ಮೊದಲೇ ಕೇಳಿ. ಅಂಚು ಮುಕ್ಕಾದ ಡಿಸ್ಕ್ ಇದ್ದರೆ, ಚಕ್ರ ಬಿಚ್ಚುವಾಗ ಗೈಡ್ ಪಿನ್ ಹಾಕದೆ ರಿಮ್ ಬಡಿಸಿದ್ದಾರೆ ಎಂದೇ ತಿಳಿಯಿರಿ.

ಬೆಂಗಳೂರಿನ ಗಾಡಿಯಾದರೆ ನೀರಿನ ಗುರುತು ಹುಡುಕುವುದನ್ನು ಬಿಡಬೇಡಿ. 2022ರ ಸೆಪ್ಟೆಂಬರ್ ಮಳೆಯಲ್ಲಿ ಯಮಲೂರು ಕಡೆಯ ಐಷಾರಾಮಿ ಬಡಾವಣೆಗಳಲ್ಲಿ ದುಬಾರಿ ಕಾರುಗಳು ಮುಳುಗಿದ್ದವು. ಸೀಟಿನ ಹಳಿಗಳ ತುಕ್ಕು, ಕಾರ್ಪೆಟ್ ಕೆಳಗಿನ ಸಣ್ಣ ಕೆಸರು, ಸೀಟ್ ಬೆಲ್ಟನ್ನು ಪೂರ್ತಿ ಎಳೆದಾಗ ತುದಿಯಲ್ಲಿ ಕಾಣುವ ಕಲೆ ನೋಡಿ. ಬಾಕ್ಸ್‌ಸ್ಟರ್‌ನಲ್ಲಿ ಮುಳುಗಬೇಕೆಂದೇ ಇಲ್ಲ: ಮಡಚುವ ಟಾಪಿನ ನೀರು ಹರಿಯುವ ತೂತುಗಳು ಎಲೆ ಕಸದಿಂದ ಕಟ್ಟಿದರೆ ನೀರು ಒಳಗಿಳಿದು, ಸೀಟಿನ ಕೆಳಗಿರುವ ಅಲಾರಂ ಮತ್ತು ಇಮ್ಮೊಬಿಲೈಸರ್ ಪೆಟ್ಟಿಗೆ ಸುಡುತ್ತದೆ. ಗಾಡಿ ಸ್ಟಾರ್ಟೇ ಆಗುವುದಿಲ್ಲ.

ಹಂತ 3: ವರ್ಷದ ಖರ್ಚನ್ನು ಮೂರು ಪಾಲು ಮಾಡಿ

ಮೊದಲ ಪಾಲು, ಕಾಲಕ್ಕೆ ಸರಿಯಾಗಿ ಬರುವ ಸರ್ವಿಸ್. ವರ್ಷಕ್ಕೆ ಎರಡು ಸಾವಿರ ಕಿಲೋಮೀಟರ್ ಓಡಿದರೂ ಆಯಿಲ್ ವರ್ಷಕ್ಕೊಮ್ಮೆ ಬದಲಾಗಲಿ. 8 ಲೀಟರಿನಷ್ಟು ಬೇಕು, ಸಾಧಾರಣ ಕಾರಿನ ಎರಡರಷ್ಟು. ಡಬ್ಬಿಯ ಹಿಂದೆ ‘ಪೋರ್ಷೆ ಎ40’ ಒಪ್ಪಿಗೆ ಬರೆದಿರಬೇಕು, ಬರೀ 40 ಗ್ರೇಡ್ ಎಂದರೆ ಸಾಲದು. ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ, ಓಡಿದರೂ ಸರಿ ನಿಂತರೂ ಸರಿ, ಏಕೆಂದರೆ ಅದು ಗಾಳಿಯ ತೇವ ಹೀರಿಕೊಳ್ಳುತ್ತದೆ. ಆರು ಸ್ಪಾರ್ಕ್ ಪ್ಲಗ್ ನಾಲ್ಕು ವರ್ಷಕ್ಕೆ. ಪಿಡಿಕೆಯ ಕ್ಲಚ್ ಆಯಿಲ್ 90,000 ಕಿಲೋಮೀಟರ್ ಅಥವಾ ಆರು ವರ್ಷಕ್ಕೆ. ನಿಮ್ಮ ಮಾಡೆಲ್ಲಿನ ಕೈಪಿಡಿಯಲ್ಲಿ ಬೇರೆ ಬರೆದಿದ್ದರೆ ಅದೇ ಅಂತಿಮ. ಈ ಪಾಲು ನೀವು ಹೆದರಿದಷ್ಟು ದೊಡ್ಡದಲ್ಲ.

ಎರಡನೇ ಪಾಲು, ಸವೆಯುವ ವಸ್ತು: ಟೈರ್, ಪ್ಯಾಡ್, ಡಿಸ್ಕ್, ಕ್ಲಚ್. ಟೈರಿನ ಬದಿಯಲ್ಲಿ ‘ಎನ್’ ಅಕ್ಷರ ಮತ್ತು ಒಂದು ಅಂಕಿ ಇರುತ್ತದೆ, ಪೋರ್ಷೆ ಪರೀಕ್ಷಿಸಿ ಒಪ್ಪಿದ ಟೈರ್ ಎಂಬ ಗುರುತು. ಅಲ್ಲೇ ನಾಲ್ಕು ಅಂಕಿಯ ತಾರೀಕೂ ಇದೆ, 2319 ಎಂದರೆ 2019ರ 23ನೇ ವಾರ. ಆರು ವರ್ಷ ದಾಟಿದ್ದರೆ ಟೈರಿನ ಗ್ರೂವ್ ಎಷ್ಟೇ ಆಳವಿರಲಿ, ಹೊಸ ಟೈರಿನ ಹಣವನ್ನು ಚೌಕಾಸಿಗೆ ಸೇರಿಸಿ. ಹಿಂದಿನ ಟೈರುಗಳು ಮುಂದಿನವಕ್ಕಿಂತ ಬೇಗ ಸವೆಯುತ್ತವೆ. ಮುಂದಕ್ಕೂ ಹಿಂದಕ್ಕೂ ಅಳತೆ ಬೇರೆಯಾದ್ದರಿಂದ ಅದಲು ಬದಲು ಮಾಡಲು ಬರುವುದಿಲ್ಲ.

ಕ್ಲಚ್ಚಿಗೆ ಗೇರ್‌ಬಾಕ್ಸ್ ಇಳಿಸಬೇಕು, ಒಂದು ದಿನಕ್ಕೂ ಮೀರಿದ ಲೇಬರ್. ಒಮ್ಮೆ ಇಳಿಸಿದ ಮೇಲೆ ಫ್ಲೈವೀಲ್, ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್, 2005ರವರೆಗಿನದಾದರೆ ಐಎಂಎಸ್ ಬೇರಿಂಗ್, ಇಷ್ಟನ್ನೂ ಒಟ್ಟಿಗೇ ನೋಡಿಸಿ. ಇಲ್ಲದಿದ್ದರೆ ಅದೇ ಲೇಬರನ್ನು ಎರಡು ಸಲ ಕೊಡುತ್ತೀರಿ.

ಮೂರನೆಯದು ವಯಸ್ಸಿನ ಪಾಲು, ಜನ ಲೆಕ್ಕಕ್ಕೇ ಹಿಡಿಯದ್ದು. ಇಗ್ನಿಷನ್ ಕಾಯಿಲ್‌ಗಳ ಮೈ ಬಿರಿಯುತ್ತದೆ, ಮಳೆಗಾಲದಲ್ಲಿ ಮಿಸ್‌ಫೈರ್ ಶುರುವಾಗುತ್ತದೆ. ಕೂಲೆಂಟ್ ಟ್ಯಾಂಕ್ ಸೀಳುತ್ತದೆ, ವಾಟರ್ ಪಂಪ್ ಹೋಗುತ್ತದೆ. ಎಒಎಸ್ ಎಂಬ ಭಾಗ (ಎಂಜಿನ್ ಆವಿಯಿಂದ ಆಯಿಲ್ ಬೇರ್ಪಡಿಸುವ ಡಬ್ಬಿ) ಹರಿದರೆ ಸ್ಟಾರ್ಟ್ ಮಾಡಿದ ಕೂಡಲೇ ಬಿಳಿ ಹೊಗೆ ಮೋಡದಂತೆ ಬರುತ್ತದೆ, ನಿಲ್ಲುವುದೇ ಇಲ್ಲ. ಶೆಡ್ಡಿನಲ್ಲೇ ನಿಂತ ಗಾಡಿಗೆ ಈ ಪಾಲು ಹೆಚ್ಚು. ‘ಬರೀ 12,000 ಕಿಲೋಮೀಟರ್ ಓಡಿರೋದು’ ಎಂಬ ಜಾಹೀರಾತಿಗೆ ಮರುಳಾಗಿ ಹೆಚ್ಚು ಬೆಲೆ ಕೊಡಬೇಡಿ.

ಮೂರೂ ಪಾಲುಗಳಿಗೆ ಡೀಲರ್‌ನಿಂದ ಎರಡು ಅಂಕಿ ಕೇಳಿ: ಗಂಟೆಯ ಲೇಬರ್ ದರ, ಮತ್ತು ಆ ಕೆಲಸಕ್ಕೆ ಹಿಡಿಯುವ ಗಂಟೆ. ಭಾಗದ ಬೆಲೆಯನ್ನು ಪಾರ್ಟ್ ನಂಬರ್ ಕೊಟ್ಟು ಬೇರೆಯೇ ಕೇಳಿ. 2025ರ ಸೆಪ್ಟೆಂಬರ್ 22ರಿಂದ ಬಿಡಿಭಾಗಗಳಿಗೂ ಲೇಬರ್‌ನಂತೆ ಶೇ 18 ಜಿಎಸ್‌ಟಿ. ಅದಕ್ಕೂ ಮೊದಲಿನ ಎಸ್ಟಿಮೇಟಿನಲ್ಲಿ ಶೇ 28 ಹಾಕಿದ್ದರೆ ಹೊಸದು ತೆಗೆಸಿಕೊಳ್ಳಿ.

ಹಂತ 4: ಯಾವ ಕೆಲಸ ಎಲ್ಲಿ

‘ಎಲ್ಲವೂ ಶೋರೂಮಲ್ಲೇ’ ಎನ್ನುವವರೂ ‘ಶೋರೂಮೇ ಬೇಡ’ ಎನ್ನುವವರೂ ಸುಮ್ಮನೆ ದುಡ್ಡು ಕಳೆಯುತ್ತಾರೆ.

ಗಾಡಿಗೆ ಪೋರ್ಷೆ ಅಪ್ರೂವ್ಡ್ ವಾರಂಟಿ ಇದ್ದರೆ (111 ಅಂಶಗಳ ತಪಾಸಣೆ ಮಾಡಿ ಕಂಪನಿ ಕೊಡುವ ಹಳೇ ಗಾಡಿಯ ವಾರಂಟಿ) ಅದು ಮುಗಿಯುವವರೆಗೆ ಎಲ್ಲವೂ ಅಧಿಕೃತ ಸೆಂಟರ್‌ನಲ್ಲೇ ಆಗಲಿ. ಒಂದು ಎಂಜಿನ್ ಕ್ಲೇಮ್ ವರ್ಷಾನುಗಟ್ಟಲೆ ಸರ್ವಿಸ್ ಬಿಲ್ಲನ್ನು ತೀರಿಸುತ್ತದೆ. ಭಾರತದ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳ ವಿರುದ್ಧ ಕೊಟ್ಟ ಆದೇಶದಲ್ಲಿ, ಹೊರಗಿನ ಗ್ಯಾರೇಜಿಗೆ ಹೋದ ಒಂದೇ ಕಾರಣಕ್ಕೆ ವಾರಂಟಿ ರದ್ದು ಮಾಡುವ ಸಾರಾಸಗಟು ಷರತ್ತು ಕೂಡದು ಎಂದಿತ್ತು. ಆದರೂ ಕೋಟಿ ಗಾಡಿಯ ಎಂಜಿನ್ ಇಟ್ಟುಕೊಂಡು ಆ ವಾದ ಮಾಡುತ್ತ ಕೂರುವುದು ಜಾಣತನವಲ್ಲ.

ವಾರಂಟಿ ಮುಗಿದ ಮೇಲೆ ಪಿಡಿಕೆ ಕೆಲಸ, ಕೀ ಮತ್ತು ಇಮ್ಮೊಬಿಲೈಸರ್, ಸಾಫ್ಟ್‌ವೇರ್, ಏರ್‌ಬ್ಯಾಗ್, ರಿಕಾಲ್, ಸಿರಾಮಿಕ್ ಬ್ರೇಕ್, ಒಂದೇ ನಟ್ ಇರುವ ಸೆಂಟರ್ ಲಾಕ್ ಚಕ್ರ ಇವು ಡೀಲರಿಗೇ ಹೋಗಲಿ. ಆ ಒಂದು ನಟ್ಟನ್ನು 600 ನ್ಯೂಟನ್ ಮೀಟರಿಗೆ ಬಿಗಿಯಬೇಕು, ಬೀದಿ ಗ್ಯಾರೇಜಿನಲ್ಲಿ ಆ ಟಾರ್ಕ್ ರೆಂಚ್ ಇರುವುದಿಲ್ಲ. ಆಯಿಲ್, ಬ್ರೇಕ್ ಪ್ಯಾಡ್, ಕಾಯಿಲ್, ಪ್ಲಗ್, ವಾಟರ್ ಪಂಪ್, ಸಸ್ಪೆನ್ಷನ್ ಬುಷ್, ಇವನ್ನು ಜರ್ಮನ್ ಗಾಡಿಗಳಲ್ಲಿ ಪಳಗಿದ ಹೊರಗಿನ ಗ್ಯಾರೇಜ್ ಚೆನ್ನಾಗಿಯೇ ಮಾಡುತ್ತದೆ. ಕ್ಲಚ್ ಸ್ಯಾಕ್ಸ್‌ನದು, ಶಾಕ್ ಅಬ್ಸಾರ್ಬರ್ ಬಿಲ್‌ಸ್ಟೈನ್‌ನದು, ಕ್ಯಾಲಿಪರ್ ಬ್ರೆಂಬೊದ್ದು. ಅದೇ ತಯಾರಕರ ಪೆಟ್ಟಿಗೆಯಲ್ಲಿ ಕೊಂಡರೆ ಎಷ್ಟೋ ಭಾಗಗಳು ಅಗ್ಗಕ್ಕೆ ಸಿಗುತ್ತವೆ. ಸೆನ್ಸರುಗಳಲ್ಲಿ ಮಾತ್ರ ಈ ಉಳಿತಾಯಕ್ಕೆ ಹೋಗಬೇಡಿ.

ಕರ್ನಾಟಕದಲ್ಲಿ ಅಧಿಕೃತ ಪೋರ್ಷೆ ಸೆಂಟರ್ ಇರುವುದು ಬೆಂಗಳೂರಿನಲ್ಲಿ. ಹುಬ್ಬಳ್ಳಿ, ಮಂಗಳೂರು ಕಡೆಯವರು ಗಾಡಿ ಹೊತ್ತೊಯ್ಯುವ ಫ್ಲಾಟ್‌ಬೆಡ್ ಲಾರಿಯ ಬಾಡಿಗೆಯನ್ನೂ ವರ್ಷದ ಲೆಕ್ಕಕ್ಕೆ ಸೇರಿಸಿ.

ಹಂತ 5: ಸರ್ವಿಸ್ ಕೌಂಟರ್‌ನಲ್ಲಿ

1. ಲಕ್ಷಣ ಹೇಳಿ, ರೋಗ ಹೇಳಬೇಡಿ. ‘ವಾಟರ್ ಪಂಪ್ ಚೇಂಜ್ ಮಾಡಿ’ ಎಂದರೆ ಅವರು ಬದಲಿಸುತ್ತಾರೆ, ಸದ್ದು ಹಾಗೇ ಉಳಿದರೆ ಬಿಲ್ಲು ನಿಮ್ಮದೇ. ‘ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದ ಮೇಲೆ ಎರಡು ನಿಮಿಷ ಬಲಗಡೆಯಿಂದ ಉಜ್ಜುವ ಸದ್ದು’ ಎಂದು ಜಾಬ್ ಕಾರ್ಡಿನಲ್ಲಿ ಬರೆಸಿ. ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿದ್ದರೆ ಇನ್ನೂ ಒಳ್ಳೆಯದು.

2. ಜಾಬ್ ಕಾರ್ಡಿನಲ್ಲಿ ಈ ಸಾಲು ನಿಮ್ಮ ಕೈಯಲ್ಲೇ ಬರೆಯಿರಿ: ‘ಎಸ್ಟಿಮೇಟ್ ಮೀರಿದ ಯಾವ ಕೆಲಸಕ್ಕೂ ಲಿಖಿತ ಒಪ್ಪಿಗೆ ಬೇಕು. ಬದಲಿಸಿದ ಹಳೇ ಭಾಗಗಳನ್ನು ವಾಪಸ್ ಕೊಡಬೇಕು.’ ವಾಟ್ಸ್ಆ್ಯಪ್ ಒಪ್ಪಿಗೆ ಆಗುತ್ತದೆ, ಫೋನಿನಲ್ಲಿ ಮಾತಾಡಿದ್ದು ಆಗುವುದಿಲ್ಲ.

3. ಎಸ್ಟಿಮೇಟಿನಲ್ಲಿ ಪ್ರತಿ ಭಾಗಕ್ಕೂ ನಂಬರ್, ಪ್ರತಿ ಕೆಲಸಕ್ಕೂ ಗಂಟೆ ಇರಲಿ. ಒಂದೇ ಜಾಗ ಬಿಚ್ಚುವ ಎರಡು ಕೆಲಸಗಳಿಗೆ ಪೂರ್ತಿ ಗಂಟೆಯನ್ನು ಎರಡು ಸಲ ಹಾಕಿದ್ದಾರೆಯೇ ನೋಡಿ. ಹಿಂದಿನ ಬಂಪರ್ ಬಿಚ್ಚುವ ಲೇಬರ್ ಹೀಗೆ ಎರಡು ಕಡೆ ಕಾಣಿಸಿಕೊಳ್ಳುತ್ತಿರುತ್ತದೆ.

4. ಎಂಜಿನ್ ಫ್ಲಶ್, ಇಂಜೆಕ್ಟರ್ ಕ್ಲೀನರ್, ಎಸಿ ಡಿಸಿನ್ಫೆಕ್ಷನ್ ಇತ್ಯಾದಿ ಸಾಲುಗಳಿದ್ದರೆ ‘ಇದು ಕಂಪನಿ ಪಟ್ಟಿಯಲ್ಲಿದೆಯಾ?’ ಎಂದು ಕೇಳಿ. ಇಲ್ಲದಿದ್ದರೆ ಹೊಡೆಸಿ ಹಾಕಿ.

5. ಕೊನೆಗೆ ಒಂದುದ್ದ ‘ಮಾಡಿಸಬೇಕಾದ ಕೆಲಸ’ದ ಪಟ್ಟಿ ಕೊಡುತ್ತಾರೆ. ಎದೆ ಒಡೆದುಕೊಳ್ಳಬೇಡಿ. ಬ್ರೇಕ್, ಟೈರ್, ಸ್ಟೀರಿಂಗ್, ಪೆಟ್ರೋಲ್ ಮತ್ತು ಕೂಲೆಂಟ್ ಸೋರಿಕೆ ಇವು ಈಗಲೇ. ಹನಿ ಬೀಳದ ಆಯಿಲ್ ಪಸೆ, ಬಿರುಕು ಶುರುವಾದ ಬುಷ್ ಇವು ಮುಂದಿನ ಸಲ ಅದೇ ಜಾಗ ಬಿಚ್ಚಿದಾಗ.

6. ವಾಪಸ್ ತರುವಾಗ ಕೆಲಸಕ್ಕೆ ಮುಂಚಿನ ಮತ್ತು ನಂತರದ ಪಿವಿಸ್ ಫಾಲ್ಟ್ ಪಟ್ಟಿ ಕೇಳಿ ಪಡೆಯಿರಿ. ಗಾಡಿ ಮಾರುವ ದಿನ ಈ ಕಾಗದಗಳೇ ಬೆಲೆ ತರುತ್ತವೆ.

ಜರ್ಮನಿಯಿಂದ ಭಾಗ ತರಿಸುವುದಿದ್ದರೆ ಅಡ್ವಾನ್ಸ್ ಕೇಳುತ್ತಾರೆ, ಆಮೇಲೆ ಬೇಡವೆಂದರೆ ವಾಪಸ್ ತೆಗೆದುಕೊಳ್ಳುವುದಿಲ್ಲ. ಅಡ್ವಾನ್ಸ್ ಕಟ್ಟುವ ಮುಂಚೆ ಚಾಸಿ ನಂಬರಿಗೆ ಆ ಭಾಗ ಹೊಂದುತ್ತದೆಯೇ ಎಂದು ಬರೆಸಿಕೊಳ್ಳಿ.

ಹಂತ 6: ಮನೆಯಲ್ಲೇ ಮಾಡಿಕೊಳ್ಳುವುದು

ಆಯಿಲ್ ಮಟ್ಟ: 997 ಕರೆರಾದಿಂದ ಡಿಪ್‌ಸ್ಟಿಕ್ ಇಲ್ಲ, ಮೀಟರಿನ ಪರದೆಯಲ್ಲೇ ನೋಡಬೇಕು. ಸಮತಟ್ಟು ಜಾಗ, ಎಂಜಿನ್ ಬಿಸಿ ಇದ್ದಾಗಲೇ ಅಳೆಯಿರಿ. ಮೇಲಿನ ಗೆರೆಗಿಂತ ಒಂದು ಗೆರೆ ಕೆಳಗಿದ್ದರೆ ಸಾಕು. ತುಂಬಿ ತುಳುಕಿಸಿದರೆ ಎಒಎಸ್ ಆಯಿಲ್ ಎಳೆದುಕೊಂಡು ಹೊಗೆ ಬರುತ್ತದೆ, ಆಮೇಲೆ ಅದೂ ಒಂದು ರಿಪೇರಿ.

ರೇಡಿಯೇಟರ್: ಎಂಜಿನ್ ಹಿಂದಿದ್ದರೂ ರೇಡಿಯೇಟರ್‌ಗಳು ಮುಂದಿನ ಬಂಪರಿನ ಎರಡು ಮೂಲೆಯಲ್ಲಿವೆ. ಅವಕ್ಕೂ ಎಸಿ ಕಂಡೆನ್ಸರಿಗೂ ನಡುವೆ ಒಣಗಿದ ಎಲೆ, ಪ್ಲಾಸ್ಟಿಕ್ ಕವರ್ ಕೂತು ಕೊಳೆಯುತ್ತವೆ. ಮರದ ಸಾಲಿನ ರಸ್ತೆಯವರು ಎರಡು ವರ್ಷಕ್ಕೊಮ್ಮೆ ಬಂಪರ್ ಬಿಚ್ಚಿಸಿ ತೆಗೆಸಿ. ಪ್ರೆಷರ್ ವಾಷರ್ ಬಾಯಿ ಹತ್ತಿರ ಒಯ್ದರೆ ರೆಕ್ಕೆಗಳು ಮಡಚುತ್ತವೆ.

ಚಕ್ರದ ಬೋಲ್ಟ್: ಪಂಕ್ಚರ್ ಅಂಗಡಿಯ ಏರ್ ಗನ್ನಿನಿಂದ ಬಿಗಿಸಲು ಬಿಡಬೇಡಿ. 997ರವರೆಗೆ 130, 991ರಿಂದ 160 ನ್ಯೂಟನ್ ಮೀಟರ್, ಟಾರ್ಕ್ ರೆಂಚಿನಲ್ಲೇ. ಐದು ಬೋಲ್ಟನ್ನು ಎದುರುಬದುರಾಗಿ ಬಿಗಿಯಿರಿ.

ಪೆಟ್ರೋಲ್: ಈ ಎಂಜಿನ್‌ಗಳನ್ನು 98 ಆಕ್ಟೇನಿಗೆ ರೂಪಿಸಿದ್ದಾರೆ. ಕನಿಷ್ಠ 95ರದ್ದೇ ಹಾಕಿ. ಎಥನಾಲ್ ಪ್ರಮಾಣ ಎಷ್ಟರವರೆಗೆ ಒಪ್ಪುತ್ತದೆ ಎಂಬುದನ್ನು ಟ್ಯಾಂಕ್ ಮುಚ್ಚಳದ ಒಳಗಿನ ಚೀಟಿ ಮತ್ತು ಕೈಪಿಡಿಯಲ್ಲಿ ನೋಡಿಕೊಳ್ಳಿ. ತಿಂಗಳುಗಟ್ಟಲೆ ನಿಲ್ಲಿಸುವುದಿದ್ದರೆ ಟ್ಯಾಂಕ್ ತುಂಬಿಸಿಯೇ ನಿಲ್ಲಿಸಿ, ಒಳಗೆ ತೇವ ಕೂರುವುದಿಲ್ಲ.

ಬ್ಯಾಟರಿ: ವಾರಕ್ಕಿಂತ ಹೆಚ್ಚು ನಿಲ್ಲುವ ಗಾಡಿಗೆ ಬ್ಯಾಟರಿ ಮೇಂಟೇನರ್ (ಸಣ್ಣಗೆ ಚಾರ್ಜ್ ಮಾಡುತ್ತಲೇ ಇರುವ ಚಾರ್ಜರ್) ಹಾಕಿ. ಬ್ಯಾಟರಿ ಇರುವುದು ಮುಂದಿನ ಡಿಕ್ಕಿಯಲ್ಲಿ. ಆ ಡಿಕ್ಕಿ ತೆರೆಯುವುದು ಕರೆಂಟಿನಿಂದ, ಬ್ಯಾಟರಿ ಸತ್ತರೆ ಡಿಕ್ಕಿಯೂ ತೆರೆಯುವುದಿಲ್ಲ. 997ರಲ್ಲಿ ಇದಕ್ಕೆಂದೇ ಒಳಗಿನ ಫ್ಯೂಸ್ ಪೆಟ್ಟಿಗೆಯಲ್ಲಿ ಒಂದು ಕೆಂಪು ಟರ್ಮಿನಲ್ ಇದೆ. ಬಾಗಿಲನ್ನು ಕೀಲಿಯಿಂದ ತೆರೆದು, ಫ್ಯೂಸ್ ಮುಚ್ಚಳ ತೆಗೆದು, ಆ ಕೆಂಪು ಟರ್ಮಿನಲನ್ನು ಹೊರಗೆಳೆಯಿರಿ. ಇನ್ನೊಂದು ಬ್ಯಾಟರಿಯ ಪ್ಲಸ್ ವೈರನ್ನು ಅದಕ್ಕೆ, ಮೈನಸ್ಸನ್ನು ಬಾಗಿಲಿನ ಲೋಹದ ಕೊಕ್ಕೆಗೆ ಹಿಡಿಯಿರಿ. ಅಲಾರಂ ಕೂಗುತ್ತದೆ, ಕೀಲಿಯ ಅನ್‌ಲಾಕ್ ಒತ್ತಿದರೆ ನಿಲ್ಲುತ್ತದೆ. ಆಗ ಡಿಕ್ಕಿಯ ಸ್ವಿಚ್ ಎಳೆಯಿರಿ. ಆ ಟರ್ಮಿನಲ್‌ನಿಂದ ಗಾಡಿ ಸ್ಟಾರ್ಟ್ ಮಾಡಲು ಮಾತ್ರ ಹೋಗಬೇಡಿ, ಅಷ್ಟು ಕರೆಂಟ್ ತಾಳುವ ವೈರ್ ಅದಲ್ಲ, ಫ್ಯೂಸ್ ಪೆಟ್ಟಿಗೆಯೇ ಸುಟ್ಟೀತು. ಡಿಕ್ಕಿ ತೆರೆದ ಮೇಲೆ ನೇರ ಬ್ಯಾಟರಿಗೇ ಜಂಪ್ ಕೊಡಿ.